ಇಲಿ ಡಾಕ್ಟರು

ಸಕ್ಕರೆ ಕಾಯಿಲೆ ಮೂಳೆಯನ್ನು ಹೇಗೆ ಸವೆಸುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಹೆಣ್ಣು ನೋಡಲು ಬಂದಿದ್ದ. ಹುಡುಗಿ ಇನ್ನೂ ಒಳಗಿದ್ದಳು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂದದ್ದೇ ತಡ, ಅವಳ ಅಜ್ಜಿ ಎದುರಿಗೆ ಕುರ್ಚಿ ಎಳೆದುಕೊಂಡರು.

“ಮಂಡಿ ಹಿಡ್ಕೊಂಡಿದೆ, ಸ್ವಲ್ಪ ನೋಡಪ್ಪ.”

“ಅಜ್ಜಿ, ನಾನು ಇಲಿಗಳ ಮೂಳೆ ನೋಡೋನು.”

“ಇಲೀದಾದ್ರೇನು, ಮೂಳೆ ಮೂಳೇನೇ ಅಲ್ವಾ?”

ಅಜ್ಜಿಯ ಹಿಂದೆ ಚಿಕ್ಕಪ್ಪನ ಸೊಂಟ ಬಂತು, ಸೋದರತ್ತೆಯ ಹಿಮ್ಮಡಿ ಬಂತು, ಪಕ್ಕದ ಮನೆಯವರ ಭುಜವೂ ಬಂತು. ಆರುತ್ತಿದ್ದ ಉಪ್ಪಿಟ್ಟನ್ನೇ ನೋಡುತ್ತಾ ಅವನು ಎಲ್ಲರಿಗೂ ಒಂದೇ ಸಲಹೆ ಕೊಟ್ಟ. ಕೊನೆಗೆ ಬಳೆ ತೊಟ್ಟ ಕೈಯೊಂದು ಮುಂದೆ ಬಂದಾಗಲೂ ತಲೆ ಎತ್ತಲಿಲ್ಲ.

“ದಿನಾ ಬೆಳಿಗ್ಗೆ ಬಿಸಿಲಲ್ಲಿ ವಾಕಿಂಗ್ ಮಾಡಿ.”

“ಒಬ್ಬಳೇ ಹೋಗೋಕೆ ಬೇಜಾರು. ನೀವೂ ಜೊತೆಗೆ ಬರೋದಾದ್ರೆ ಮಾಡ್ತೀನಿ,” ಎಂದಳು ಹುಡುಗಿ.