ತುತ್ತು ನಿಂತ ಜಾಗ

"ಅನ್ನದಲ್ಲಿ ಮದ್ದು ಹಾಕಿದ್ದಾಳೆ ಇವಳು. ಮಗುವಿನ ಹೊಟ್ಟೆಯಲ್ಲೇ ಉಂಟು, ಹುಡುಕಿ" ಎಂದಳು ಮುದ್ದು, ಡಾಕ್ಟರ್ ಗುಣಪಾಲರ ಎದುರು ಕೂರುವ ಮೊದಲೇ. ಬೆರಳು ತೋರಿಸಿದ್ದು ದೇಯಿಯ ಕಡೆಗೆ. ಮುದ್ದುವಿನ ಮಗಳು ಸತ್ತ ಮೇಲೆ ಅಳಿಯ ಕಟ್ಟಿಕೊಂಡ ಎರಡನೆಯವಳು ಈ ದೇಯಿ. ಇಬ್ಬರ ನಡುವೆ ಏಳು ವರ್ಷದ ಮೊಮ್ಮಗಳು ವಾರಿಜ. ತಿಂದದ್ದನ್ನೆಲ್ಲ ಕಾರಿ ಕಾರಿ ಕಡ್ಡಿಯಾಗಿದ್ದಳು.

"ಪತ್ತೆಯಾಗಲಿ, ನಾಳೆಯೇ ಇವಳನ್ನು ಜಾತಿಯ ನ್ಯಾಯ ತೀರಿಸುವ ಗುರಿಕಾರರ ಮುಂದೆ ನಿಲ್ಲಿಸ್ತೇನೆ. ನಮ್ಮಲ್ಲಿ ಮಗು ತಾಯಿಯ ಕುಟುಂಬದ್ದು, ನಾನು ಕರ್ಕೊಂಡು ಹೋಗ್ತೇನೆ."

ದೇಯಿ ವಾರಿಜಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮಾತು ಕೇಳುವವರಾದರೂ ಯಾರು? ಅವರಿದ್ದ ಕುಲಶೇಖರದಲ್ಲಿ ನೆರೆಮನೆಯವರು ಅವಳ ಕೈಯ ನೀರು ಕುಡಿಯುವುದನ್ನೂ ಬಿಟ್ಟು ತಿಂಗಳಾಗಿತ್ತು.

ಡಾಕ್ಟರರು ಎಕ್ಸ್‌ರೇ ಕೋಣೆಯ ಕಿಟಕಿ ಮುಚ್ಚಿಸಿ ಒಂದು ಲೋಟ ಬಿಳಿ ದ್ರವ ತರಿಸಿದರು. ಮುದ್ದು ಅದನ್ನೂ ಮೂಸಿ ನೋಡಿದಳು. ಅವಳಿಗೆ ಡಾಕ್ಟರರ ಮೇಲೂ ಗುಮಾನಿಯೇ.

"ಇದೆಂತ?"

"ಸುಣ್ಣದ ಹಾಗಿನದ್ದು. ಕುಡಿದರೆ ಅನ್ನ ಹೋಗುವ ದಾರಿ ಕಾಣ್ತದೆ."

ವಾರಿಜ ಕುಡಿದಳು. ಪರದೆಯ ಮೇಲೆ ಕಪ್ಪು ಗೆರೆಯೊಂದು ಗಂಟಲಿನಿಂದ ಇಳಿದು ಎದೆಯ ಬುಡದಲ್ಲಿ ನಿಂತಿತು. ಅಲ್ಲೇ ಚೀಲದಂತೆ ಉಬ್ಬಿತು. ಎಷ್ಟು ಹೊತ್ತು ಕಾದರೂ ಕೆಳಗಿಳಿಯಲಿಲ್ಲ.

"ಮದ್ದೂ ಇಲ್ಲ, ಎಂತದೂ ಇಲ್ಲ" ಎಂದರು ಡಾಕ್ಟರರು. "ಅನ್ನನಾಳದ ಕೆಳಗಿನ ಬಾಯಿ ತೆರೆಯುವುದಿಲ್ಲ. ರಬ್ಬರ್ ನಳಿಕೆ ಇಳಿಸಿ ಅಗಲ ಮಾಡಿ ನೋಡುವ."

"ಅದು ಮುಚ್ಚಿದ್ದು ಇವಳು ಬಂದ ಮೇಲೆಯೇ." ಮುದ್ದು ಹಿಡಿದದ್ದು ಬಿಡುವ ಪೈಕಿಯಲ್ಲ.

"ಇವರು ಬಂದು ಎಷ್ಟಾಯ್ತು?"

"ಒಂದು ವರ್ಷ."

"ನಾಳ ಇಷ್ಟು ಹಿಗ್ಗಬೇಕಾದರೆ ಮೂರು ವರ್ಷವಾದರೂ ಆಗಿರಬೇಕು. ಆಗ ಮಗು ಯಾರ ಮನೆಯಲ್ಲಿತ್ತು?"

ಮುದ್ದು ಸೆರಗಿನಿಂದ ಕತ್ತು ಒರೆಸಿಕೊಂಡಳು. ಹೇಳದೆ ಹೊರಟುಬಿಡೋಣವೆಂದರೆ ಡಾಕ್ಟರರು ನೋಡುತ್ತಲೇ ಇದ್ದರು.

"ನನ್ನ ಹತ್ತಿರ" ಎಂದಳು. "ಆಗಲೂ ಕಾರ್ತಾ ಇದ್ದಳು. ಹಠ ಅಂತ ತಿಳಿದು ಸೌಟು ಕಾಯಿಸಿ ತೊಡೆಗೆ ಬರೆ ಹಾಕಿದೆ."

ದೇಯಿ ವಾರಿಜಳ ಅಂಗಿಯ ಗುಂಡಿ ಹಾಕುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಗೊತ್ತುಂಟು ಅಮ್ಮ. ದಿನಾ ಮೀಯಿಸುವುದು ನಾನಲ್ವಾ."