ಕೆಂಪು ಗಾಡಿಯ ದೀಪ

"ಅಣ್ಣಾ, ಬಲ್ಬು ಕೂರಿಸೋ ಮುಂಚೆ ಒಳಗಡೆ ಏನಾದ್ರೂ ಬಳೀಬೇಕಾ?" ಎಂದು ಷಡ್ಡಕ ಕೇಳಿದ. ಹಿರಿಯ ಅಳಿಯ ತಲೆ ಎತ್ತದೆ, "ಏನೂ ಬೇಡ, ಹಾಗೇ ಕೂರಿಸು" ಎಂದುಬಿಟ್ಟ.

ಹೇಳಿದ್ದು ಶುದ್ಧ ಸುಳ್ಳು. ಹಲ್ಲಿನ ಸೆಟ್ಟು ಮಾಡುವುದೇ ಅವನ ಕಸುಬು; ತೆಳ್ಳಗಿರುವುದರೊಳಗಿಂದ ಬೆಳಕು ಹೇಗೆ ಹಾಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನೇ ಮಾಡಿದ ಅಂಗೈಯಗಲದ ಆ ಮಾದರಿ ಫೈರ್ ಎಂಜಿನ್ನಿನ ಮೈ ಬರೀ ಪ್ಲಾಸ್ಟಿಕ್ಕು. ಒಳಗೆ ದಪ್ಪಗೆ ಕಪ್ಪು ಬಣ್ಣ ಬಳಿಯದೆ ದೀಪ ಹಾಕಿದರೆ ಬೆಳಕು ಹೆಡ್‌ಲೈಟಿನಲ್ಲಿ ನಿಲ್ಲದೆ ಮೈಯಿಂದೆಲ್ಲ ಸೋರುತ್ತದೆ. ಹೆಂಡತಿಯ ತಂಗಿಯ ಗಂಡನಿಗೆ ಇದು ಗೊತ್ತಿರಲಿಲ್ಲ. ಅವನು ಕಿವಿಗೆ ಹಾಕುವ ಮೆಷಿನ್ ರಿಪೇರಿ ಮಾಡುವವನು. ಕೂದಲೆಳೆಯಂಥ ತಂತಿಗೆ ಸಾಸಿವೆಯಷ್ಟು ಬಲ್ಬು ಬೆಸೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಇಂಥ ಪುಟ್ಟ ಗಾಡಿಗೆ ಕೈಹಾಕಿದ್ದು ಇದೇ ಮೊದಲು.

ಇಬ್ಬರ ಮಾವ ಫೈರ್ ಎಂಜಿನ್ ಓಡಿಸಿಯೇ ನಿವೃತ್ತರಾದವರು. ಅವರ ಗಾಡಿಯನ್ನೇ ಹಿರಿಯ ಅಳಿಯ ಪುಟ್ಟದಾಗಿ ಮಾಡಿಕೊಟ್ಟಿದ್ದ. ಏಣಿ ತಿರುಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಎಡಗಡೆಯ ಕನ್ನಡಿಯ ಹಳೇ ಬಿರುಕು ಕೂಡ ಇದ್ದ ಹಾಗೇ ಇತ್ತು. ಬಂದವರಿಗೆಲ್ಲ ಗಾಡಿ ತೋರಿಸಿ ಮಾವ, "ನಮ್ಮ ದೊಡ್ಡ ಅಳಿಯಂದಿರ ಕೈ ಅಂದ್ರೆ ಚಿನ್ನದ ಕೈ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ರಜೆಯ ದಿನಗಳನ್ನೆಲ್ಲ ಸುರಿದು, ಕಣ್ಣು ಕೆಂಪಗೆ ಮಾಡಿಕೊಂಡಿದ್ದ. ಚಿಕ್ಕ ಅಳಿಯ ದೀಪ ಹಾಕಿಕೊಡುತ್ತೇನೆ ಎಂದದ್ದೇ ತಡ, ಮಾವನ ರಾಗವೇ ಬದಲಾಯಿತು.

"ಇನ್ಮೇಲೆ ನೋಡಿ, ಗಾಡಿಗೆ ಜೀವ ಬರುತ್ತೆ!"

ಅಂದರೆ ಇಷ್ಟು ದಿನ ಕಪಾಟಿನಲ್ಲಿ ಇದ್ದದ್ದು ಹೆಣವೇ? ಹೆಂಡತಿಯಾದರೂ ತನ್ನ ಪರ ಮಾತಾಡಿಯಾಳು ಎಂದುಕೊಂಡರೆ ಅವಳೂ, "ನೀವು ಮಾಡಿದ್ದು ಚೆನ್ನಾಗೇ ಇದೆ ರೀ, ಆದ್ರೂ ದೀಪ ಹತ್ತಿದ್ರೆ ಅದರ ಗತ್ತೇ ಬೇರೆ" ಎಂದಳು. ಅವನ ಹೊಟ್ಟೆ ಉರಿದುಹೋಯಿತು. ಅಡುಗೆ ಮಾಡಿದವನು ಒಬ್ಬ, ಬಡಿಸಿ ಹೆಸರು ತಗೊಳ್ಳುವವನು ಇನ್ನೊಬ್ಬ ಎಂದು ಒಳಗೊಳಗೇ ಕುದಿದ.

ಭಾನುವಾರ ಮಧ್ಯಾಹ್ನ ಮಾವನ ಹಳೇ ಜೊತೆಗಾರರೊಬ್ಬರು ಗಾಡಿ ನೋಡಲು ಬಂದರು. ಒಂದು ಕಾಲದಲ್ಲಿ ಇವರ ಗಾಡಿಯಲ್ಲೇ ಪೈಪು ಹಿಡಿಯುತ್ತಿದ್ದ ಆಸಾಮಿ. ಹಿರಿಯ ಅಳಿಯನ ಸಡಗರ ಹೇಳತೀರದು. ಕುರ್ಚಿ ಎಳೆದು ಹಾಕಿದ, ಗಾಡಿಯನ್ನು ತಾನೇ ತಂದು ಮೇಜಿನ ನಡುವೆ ಇಟ್ಟ. ಟ್ಯೂಬ್‌ಲೈಟಿನ ಕೆಳಗೆ ಷಡ್ಡಕ ಗಾಡಿಯ ದೀಪ ಹಾಕಿ ನೋಡಿದಾಗ ದೋಷ ಕಂಡಿರಲಿಲ್ಲ. ಅದು ಕಾಣಬೇಕಾದರೆ ಕತ್ತಲು ಬೇಕು. ಹಾಗಾಗಿ ಹಿರಿಯ ಅಳಿಯನೇ ಕಿಟಕಿಗಳ ಪರದೆಯನ್ನೆಲ್ಲ ಎಳೆದು, ಕೋಣೆಯ ದೀಪವನ್ನೂ ಆರಿಸಿದ. ಆಮೇಲೆ ಎಲ್ಲರಿಗಿಂತ ಮುಂದೆ, ಮೇಜಿಗೆ ಹೊಟ್ಟೆ ತಾಗುವಷ್ಟು ಹತ್ತಿರ ಬಂದು ನಿಂತ. ಷಡ್ಡಕನ ಮುಖ ಇಂಗು ತಿಂದ ಮಂಗನ ಹಾಗಾಗುವುದನ್ನು ಅವನು ಕಣ್ತುಂಬ ನೋಡಬೇಕಾಗಿತ್ತು.

"ಹಾಕಪ್ಪಾ, ಇನ್ನೇನು ತಡ!" ಎಂದು ಅವಸರಿಸಿದ.

ಷಡ್ಡಕ ಗುಂಡಿ ಒತ್ತಿದ. ಹೆಡ್‌ಲೈಟು ಹತ್ತಿತು, ಮೇಲಿನ ದೀಪ ಮಿಣುಕಿತು. ಅದರ ಜೊತೆಗೇ ಬಾಗಿಲು, ಚಾವಣಿ, ಬಾನೆಟ್ಟು ಎಲ್ಲ ಒಳಗಿನಿಂದ ಕೆಂಡದ ಹಾಗೆ ಕೆಂಪಗಾದವು. ಜೊತೆಗಾರರು ತೊಡೆ ತಟ್ಟಿಕೊಂಡು ನಕ್ಕರು.

"ಅಯ್ಯಯ್ಯೋ, ನಿನ್ನ ಗಾಡಿಗೇ ಬೆಂಕಿ ಬಿತ್ತಲ್ಲೋ! ಇನ್ನು ಫೋನ್ ಮಾಡೋದು ಯಾರಿಗೆ?"

ಷಡ್ಡಕ ಅವಸರದಲ್ಲಿ ದೀಪ ಆರಿಸಿದ. ಕತ್ತಲಲ್ಲಿ ಅವನ ದನಿ ಸಣ್ಣಗಾಗಿತ್ತು. "ತಪ್ಪು ನಂದೇ ಮಾವ. ಅಣ್ಣ ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ನಾನು ಕೆಡಿಸಿಬಿಟ್ಟೆ."

"ಹೋಗ್ಲಿ ಬಿಡು, ನೀನು ಹೊಸಬ" ಎಂದ ಹಿರಿಯ ಅಳಿಯ. ಈ ಮಾತನ್ನು ಅವನು ಬೆಳಗ್ಗೆಯೇ ಜೋಡಿಸಿಟ್ಟುಕೊಂಡಿದ್ದ. "ಇಂಥದ್ದಕ್ಕೆಲ್ಲ ಒಳಗಡೆ ಕಪ್ಪು ಬಳೀಬೇಕು. ಮೊದಲೇ ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿರಲಿಲ್ವಾ?"

ಯಾರೋ ಪರದೆ ಸರಿಸಿದರು. ಷಡ್ಡಕ ಬಾಯಿ ತೆರೆದ, ಹಿರಿಯ ಅಳಿಯನ ಮುಖ ನೋಡಿದ, ಮತ್ತೆ ಬಾಯಿ ಮುಚ್ಚಿಕೊಂಡು ತಂತಿಗಳನ್ನು ಸುತ್ತತೊಡಗಿದ. ಹಿರಿಯ ಅಳಿಯನಿಗೆ ಗೆದ್ದೆ ಎನ್ನಿಸಿತು. ಇನ್ನು ಮಾವ ತನ್ನ ಕೈಯನ್ನು ಹೊಗಳುವುದೊಂದೇ ಬಾಕಿ ಎಂದುಕೊಂಡು ಅವರ ಕಡೆ ತಿರುಗಿದ. ಮಾವ ಗಾಡಿಯನ್ನು ನೋಡುತ್ತಿರಲಿಲ್ಲ. ಅವರು ಇವನನ್ನೇ ನೋಡುತ್ತಿದ್ದರು, ಬಹುಶಃ ದೀಪ ಹತ್ತಿದಾಗಿನಿಂದಲೂ.

ಇವನ ಮೇಲಿಟ್ಟ ಕಣ್ಣು ಕೀಳದೆ ಅವರು ಜೊತೆಗಾರರನ್ನು ಕೇಳಿದರು: "ಏನಯ್ಯಾ, ಬೆಂಕಿ ಬಿದ್ದ ಕಡೆ ಗಾಡಿ ನಿಲ್ಲಿಸಿದ ತಕ್ಷಣ ನಾನು ಮೊದಲು ಏನು ನೋಡ್ತಿದ್ದೆ, ನೆನಪಿದೆಯಾ?"

"ನೆನಪಿಲ್ದೆ ಏನು? ಸುತ್ತ ನಿಂತಿರೋ ಜನಾನ" ಎಂದರು ಜೊತೆಗಾರರು, ಇನ್ನೂ ನಗುತ್ತಲೇ. "ಹಚ್ಚಿದೋನು ಎಲ್ಲಿಗೂ ಓಡಿಹೋಗಿರಲ್ಲ, ಎಲ್ಲರಿಗಿಂತ ಮುಂದೆ ಬಂದು ನಿಂತಿರ್ತಾನೆ ಅಂತಿದ್ದೆಯಲ್ಲ!"