ಐದನೆಯವಳ ಪಾಲು

ಕುರಾಮೋಚಿ ಮೇಷ್ಟ್ರ ಕತ್ತಿವರಸೆ ಅಭ್ಯಾಸದ ಬಿದಿರಿನ ಕತ್ತಿ ಮೂರನೆಯವನ ಅಂಗೈಗೆ ಬಡಿದಾಗ, ಸಾಲಿನ ಕೊನೆಯಲ್ಲಿದ್ದ ಫುಮಿಯೆ ನಿನ್ನೆ ಏಟು ತಿಂದು ಬಾತಿದ್ದ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಇಂಗ್ಲಿಷಿನ ‘ರನ್’ ಪದಕ್ಕೆ ಸಾಲಿನ ಐವರೂ ಒಂದೊಂದು ಅರ್ಥ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದರೂ ಏಟೇ. ಫುಮಿಯೆಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ‘ಓಡು’ ಮಾತ್ರ. ಅದನ್ನು ಯಾವಾಗಲೂ ಮೊದಲನೆಯವರೇ ಹೇಳಿಬಿಡುತ್ತಿದ್ದರು.

ಇವತ್ತು ಮೊದಲನೆಯ ಇಸಾಮು ‘ಅಂಗಡಿ ನಡೆಸು’ ಎಂದಿದ್ದ. ಎರಡನೆಯವಳು ‘ಮೂಗು ಸೋರು’ ಎಂದಾಗ ಯಾರೂ ನಕ್ಕಿರಲಿಲ್ಲ. ಮೂರನೆಯವನು ಸುಮ್ಮನೆ ಕೈ ಚಾಚಿದ್ದ. ಈಗ ನಾಲ್ಕನೆಯ ತೊಕಿಕೊ ಎದ್ದಳು.

“ಕತ್ತೆಗೂ ಒಂದು ಅರ್ಥ ಗೊತ್ತಿರುತ್ತೆ. ಹೇಳೇ.”

“ನಂಗೆ ಗೊತ್ತಿಲ್ಲ ಮೇಷ್ಟ್ರೇ,” ಎಂದು ತೊಕಿಕೊ ತಾನಾಗಿಯೇ ಅಂಗೈ ಮುಂದಿಟ್ಟಳು. ಎರಡನೆಯ ಏಟಿಗೆ ಚರ್ಮ ಸೀಳಿ ರಕ್ತ ನಿಘಂಟಿನ ಮೇಲೆ ತೊಟ್ಟಿಕ್ಕಿತು.

“ಮುಂದೆ.”

ಫುಮಿಯೆ ಮೇಜು ಹಿಡಿದು ಎದ್ದಳು. “ಓಡು,” ಎಂದಳು.

ಎತ್ತಿದ್ದ ಕತ್ತಿ ಹಾಗೇ ನಿಂತಿತು. ಮೇಷ್ಟ್ರು ಆ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡಿದರು. “ಇಷ್ಟು ಸುಲಭದ್ದು ನಿಮ್ಮಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ವೇನ್ರೋ?”

“ಇಲ್ಲ ಮೇಷ್ಟ್ರೇ,” ಎಂದು ನಾಲ್ವರೂ ಒಟ್ಟಿಗೇ ಹೇಳಿದರು. ತೊಕಿಕೊಳ ದನಿಯೇ ಎಲ್ಲರಿಗಿಂತ ಗಟ್ಟಿಯಾಗಿತ್ತು.